ಸೀಳಿಗೆ ಪುಟ್ಟಿ ತುಂಬುವ ಮೊದಲು

ಮಾರ್ಚ್ 14, 2024, ಗುರುವಾರ, ರಾತ್ರಿ

ತಮ್ಮನ ಫೋನು ಬಂದಿತ್ತು. ಅವನೇ ಮಾಡಿದ ತೇಗದ ಮೇಜು ಸೀಳಿದೆಯಂತೆ. ಫೋಟೊನೂ ಕಳಿಸಿದ. ತುದಿಯಿಂದ ಒಳಕ್ಕೆ ಸುಮಾರು 220 ಮಿ.ಮೀ. ಉದ್ದ, ಬಾಯಲ್ಲಿ 2 ಮಿ.ಮೀ. ಅಗಲ.

"ಅಕ್ಕಾ, ಮರದ ಹುಡಿಗೆ ಅಂಟು ಕಲಸಿ ಇವತ್ತೇ ತುಂಬಿಬಿಡಲಾ?"

"ಬೇಡ ಕಣೋ. ಅದನ್ನ ಮುಟ್ಟಲೇಬೇಡ."

"ಯಾಕೆ? ಸೀಳು ತಾನೇ, ತುಂಬಿದರೆ ಮುಚ್ಚುತ್ತೆ."

ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಆಗಿನಿಂದ ಅದೇ ತಲೆಯಲ್ಲಿ ಕೂತಿದೆ. ಬರೆದೇ ಹೇಳುತ್ತೇನೆ.

ಮರ ಒಣಗಿದೆ, ಕುಗ್ಗಿದೆ, ಅದಕ್ಕೇ ಸೀಳು ತೆರೆದಿದೆ. ಈಗ ಅದರೊಳಗೆ ಗಟ್ಟಿಯಾದದ್ದೇನನ್ನೋ ತುಂಬಿದರೆ ತೇವದ ತಿಂಗಳುಗಳಲ್ಲಿ ಮರ ಉಬ್ಬಿ ಸೀಳು ಮುಚ್ಚಿಕೊಳ್ಳಲು ಹೊರಟಾಗ ನಡುವೆ ಆ ಪುಟ್ಟಿ ಬೆಣೆಯ ಹಾಗೆ ನಿಂತಿರುತ್ತದೆ. ಎರಡೂ ಬದಿಯ ನಾರು ಅದಕ್ಕೆ ಒತ್ತಿಕೊಂಡು ನಜ್ಜಾಗುತ್ತದೆ. ನಜ್ಜಾದ ನಾರು ಮತ್ತೆ ಮೊದಲಿನ ಅಳತೆಗೆ ಬರುವುದಿಲ್ಲ. ಮುಂದಿನ ಸಲ ಒಣಗಿದಾಗ ಹಲಗೆ ಈ ಸಲಕ್ಕಿಂತಲೂ ಕಿರಿದಾಗುತ್ತದೆ, ಸೀಳು ಇನ್ನೂ ಅಗಲವಾಗುತ್ತದೆ, ಇಲ್ಲವೇ ಪಕ್ಕದಲ್ಲೇ ಹೊಸದೊಂದು ಹುಟ್ಟುತ್ತದೆ. ತುಂಬುವುದು ಕೊನೆಯ ಕೆಲಸ. ಮೊದಲು ಹಲಗೆ ಬಿಡುಗಡೆಯಾಗಬೇಕು.

ಅವನ ಮೇಜಿನ ಮೇಲುಹಲಗೆ 1200 ಉದ್ದ, 600 ಅಗಲ, 20 ಮಿ.ಮೀ. ದಪ್ಪ. ಐದು ಹಲಗೆ ಅಂಟಿಸಿದ್ದು. ಕೆಳಗೆ ಕಾಲುಗಳನ್ನು ಕೂಡಿಸುವ ನಾಲ್ಕೂ ಅಡ್ಡಪಟ್ಟಿಗಳಿಂದ ಸ್ಕ್ರೂ ಬಿಗಿದು, ಎರಡು ತುದಿಗೂ ಅಡ್ಡಲಾಗಿ ರೀಪರ್ (ಸಣ್ಣ ಮರದ ಪಟ್ಟಿ) ಇಟ್ಟು ಉದ್ದಕ್ಕೂ ಅಂಟು ಹಾಕಿದ್ದಾನೆ. ತಪ್ಪು ಇರುವುದು ಅಲ್ಲೇ. ಮರ ನಾರಿನ ಉದ್ದಕ್ಕೆ ಲೆಕ್ಕಕ್ಕೆ ಬಾರದಷ್ಟು ಕುಗ್ಗುತ್ತದೆ, ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ. ಅಡ್ಡ ಇಟ್ಟ ರೀಪರಿನ ಉದ್ದ ಬದಲಾಗುವುದಿಲ್ಲ, ಅದರ ಮೇಲಿನ ಹಲಗೆಯ ಅಗಲ ಬದಲಾಗುತ್ತದೆ. ಎರಡನ್ನೂ ಅಂಟಿನಲ್ಲಿ ಕಟ್ಟಿಹಾಕಿದರೆ ಯಾವುದಾದರೂ ಒಂದು ಹರಿಯಲೇಬೇಕು.

ಎಷ್ಟು ಕುಗ್ಗುತ್ತದೆ? ಲೆಕ್ಕ ಹಾಕೋಣ. ಗಾಳಿಯ ತೇವಾಂಶ ಶೇ. 65ರಷ್ಟಿದ್ದರೆ ಅದರಲ್ಲಿ ನೆಲೆನಿಂತ ಮರದಲ್ಲಿ ಸುಮಾರು ಶೇ. 12 ತೇವ ಇರುತ್ತದೆ, ಗಾಳಿ ಶೇ. 40ಕ್ಕೆ ಇಳಿದರೆ ಸುಮಾರು ಶೇ. 8. ನಡುವಿನ ವ್ಯತ್ಯಾಸ 4. ತೇಗವನ್ನು ವರ್ಷದ ಬಳೆಗಳು (ಕಾಂಡದ ಬೆಳವಣಿಗೆಯ ಉಂಗುರಗಳು) ಹಲಗೆಯ ಮುಖಕ್ಕೆ ಮಲಗಿರುವ ಹಾಗೆ ಕೊಯ್ದಿದ್ದರೆ, ತೇವ ಒಂದೊಂದು ಶೇಕಡ ಇಳಿದ ಹಾಗೂ ಅಗಲ ಶೇ. 0.19ರಷ್ಟು ಕಡಿಮೆಯಾಗುತ್ತದೆ. 600 ಮಿ.ಮೀ.ಗೆ ನಾಲ್ಕೂವರೆ ಮಿ.ಮೀ.! ಬಳೆಗಳು ನೆಟ್ಟಗೆ ನಿಂತಿರುವ ಹಾಗೆ ಕೊಯ್ದ ಹಲಗೆಯಾದರೆ ಹೆಚ್ಚುಕಡಿಮೆ ಅರ್ಧ, 2.4 ಮಿ.ಮೀ. ತೇಗ ಕಡಿಮೆ ಆಡುವ, ಅಂದರೆ ಕಡಿಮೆ ಹಿಗ್ಗಿ ಕುಗ್ಗುವ ಮರ, ಅದಕ್ಕೇ ಇಷ್ಟು. ನಾಲ್ಕೂವರೆ ಮಿ.ಮೀ.ಗೆ ದಾರಿ ಕೊಡದೆ ಸ್ಕ್ರೂ ಬಿಗಿದರೆ ಯಾವ ಅಂಟೂ ತಡೆಯುವುದಿಲ್ಲ.

ಸೀಳು ತುದಿಯಲ್ಲೇ ಶುರುವಾಗುವುದಕ್ಕೂ ಕಾರಣ ಇದೆ. ಕೊಯ್ದ ತುದಿಯಲ್ಲಿ ನಾರಿನ ಬಾಯಿ ತೆರೆದಿರುತ್ತದೆ. ಮುಖದಿಂದ ಹೋಗುವುದಕ್ಕಿಂತ ಹಲವು ಪಟ್ಟು ಬೇಗ ತೇವ ಅಲ್ಲಿಂದ ಹೋಗುತ್ತದೆ. ತುದಿ ಮೊದಲು ಕುಗ್ಗಲು ನೋಡುತ್ತದೆ, ಒಳಗಿನ ಮರ ಬಿಡುವುದಿಲ್ಲ. ಅವನು ರೀಪರ್ ಅಂಟಿಸಿದ್ದೂ ಅಲ್ಲಿಯೇ.

ಇನ್ನು ಮಾಡಬೇಕಾದದ್ದು.

ಎಲ್ಲ ಸ್ಕ್ರೂ ಬಿಚ್ಚು. ರೀಪರನ್ನು ಉಳಿ ಹಾಕಿ ಎಬ್ಬಿಸಬೇಡ, ಮೇಲುಹಲಗೆಯ ನಾರೂ ಕಿತ್ತು ಬರುತ್ತದೆ. ಹತ್ತರಿ (ಮರ ಕೀಸಿ ನುಣುಪು ಮಾಡುವ ಉಪಕರಣ) ಹೊಡೆದು ಪೂರ್ತಿ ತೆಗೆದುಬಿಡು. ಆಮೇಲೆ ಹಲಗೆಯನ್ನು ಅದೇ ಕೋಣೆಯಲ್ಲಿ, ನೆಲದ ಮೇಲೆ ಸಮ ದಪ್ಪದ ನಾಲ್ಕು ಪಟ್ಟಿಗಳನ್ನಿಟ್ಟು ಅದರ ಮೇಲೆ ಮಲಗಿಸು, ಎರಡೂ ಮುಖಕ್ಕೆ ಒಂದೇ ಸಮ ಗಾಳಿ ಆಡಲಿ. ಸೀಳಿನ ಕೊನೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆ. ಎರಡು ಮೂರು ವಾರ ಬಿಡು. ಎಷ್ಟೋ ಸಲ ಸೀಳು ತಾನಾಗಿಯೇ ಅರ್ಧ ಮುಚ್ಚಿಕೊಳ್ಳುತ್ತದೆ. ಇದಿಷ್ಟನ್ನು ಅವನು ಮಾಡುತ್ತಾನಾ ಅನ್ನೋದೇ ನನ್ನ ಚಿಂತೆ, ಕಾಯುವುದು ಅವನಿಗೆ ಆಗದ ಕೆಲಸ.

ಅಷ್ಟಾದ ಮೇಲೆ ಕ್ಲಾಂಪು ಹಾಕಿ ಹಗುರವಾಗಿ ತಿರುಗಿಸಿ ನೋಡು. ಹೆಚ್ಚು ಬಲ ಕೇಳದೆ ಬಾಯಿ ಮುಚ್ಚಿದರೆ ತೆಳು ಅಂಟನ್ನು ರಟ್ಟಿನ ಚೂರಿನಿಂದ ಒಳಗೆ ಉಜ್ಜಿ ಇಳಿಸಿ ಬಿಗಿ ಮಾಡಿದರೆ ಸಾಕು. ಬಲ ಹಾಕಿದರೆ ಮಾತ್ರ ಮುಚ್ಚುತ್ತದೆ ಅಂತಾದರೆ ಅಂಟಿಸಬೇಡ, ಒತ್ತಡ ಒಳಗೇ ಉಳಿದು ಮತ್ತೆ ಬಿಡುತ್ತದೆ. ಆಗ ಸೀಳಿನ ಗೆರೆಯಲ್ಲೇ ಹಲಗೆಯನ್ನು ಉದ್ದಕ್ಕೆ ಪೂರ್ತಿ ಕೊಯ್ದು, ಎರಡೂ ಅಂಚಿಗೆ ಹತ್ತರಿ ಹೊಡೆದು ಹೊಸದಾಗಿ ಕೂಡಿಸು. ಗರಗಸದ ದಾರಿ, ಹತ್ತರಿಯ ಹೊಡೆತ ಎರಡೂ ಸೇರಿ ಐದಾರು ಮಿ.ಮೀ. ಹೋಗುತ್ತದೆ. ಹೋಗಲಿ.

ಅಂಚು ಕೂಡಿಸುವಾಗ ನಡುವಿನಲ್ಲಿ ಕೂದಲೆಳೆಯಷ್ಟು ತಗ್ಗು ಇರಲಿ, 1200 ಮಿ.ಮೀ. ಉದ್ದಕ್ಕೆ ಅರ್ಧ ಮಿ.ಮೀ. ಮೀರಬಾರದು. ಎರಡನ್ನೂ ಒಟ್ಟಿಗಿಟ್ಟಾಗ ತುದಿಗಳು ಮೊದಲು ಮುಟ್ಟಬೇಕು, ನಡುವನ್ನು ಕ್ಲಾಂಪು ಎಳೆದುಕೊಳ್ಳುತ್ತದೆ. ಮುಂದೆ ತುದಿ ಒಣಗಿ ಕುಗ್ಗಿದರೂ ಆ ಒತ್ತು ಅಲ್ಲಿ ಉಳಿದಿರುತ್ತದೆ. ತೇಗದಲ್ಲಿ ಎಣ್ಣೆ ಅಂಶ ಇದೆ, ಹಳೆಯ ಮುಖಕ್ಕೆ ಬಿಳಿ ಅಂಟು ಹಿಡಿಯುವುದಿಲ್ಲ. ಹತ್ತರಿ ಹೊಡೆದ ಕೂಡಲೇ ಅಸಿಟೋನಿನಲ್ಲಿ ಒರೆಸಿ, ಅದು ಆರಿದ ತಕ್ಷಣ ಅಂಟು ಹಚ್ಚು. ನಾಳೆಗೆ ಇಡಬೇಡ. ಕ್ಲಾಂಪುಗಳು 250ರಿಂದ 300 ಮಿ.ಮೀ.ಗೆ ಒಂದೊಂದು, ಒಂದು ಮೇಲೆ, ಒಂದು ಕೆಳಗೆ. ಎಲ್ಲವನ್ನೂ ಒಂದೇ ಬದಿಗೆ ಹಾಕಿದರೆ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ. ಉದ್ದಕ್ಕೂ ಸಣ್ಣ ಸಣ್ಣ ಹನಿ ಹೊರಬಂದರೆ ಅಂಟು ಸರಿಯಾಗಿದೆ ಅಂತ ಅರ್ಥ.

ಮರುದಿನದವರೆಗೆ ಹತ್ತರಿ ಮುಟ್ಟಬಾರದು. ಅಂಟಿನ ನೀರು ಕುಡಿದು ಕೂಡಿನ ಅಂಚು ಸ್ವಲ್ಪ ಉಬ್ಬಿರುತ್ತದೆ. ಆಗಲೇ ಸಮ ಮಾಡಿದರೆ ಆರಿದ ಮೇಲೆ ಆ ಜಾಗ ಕೆಳಗಿಳಿದು, ಪಾಲಿಶ್ ಆದ ಮೇಲೆ ಬೆಳಕಿನಲ್ಲಿ ಗೆರೆ ಕಾಣಿಸುತ್ತದೆ.

ಇಷ್ಟೂ ಮಾಡಿ ಮತ್ತೆ ಮೊದಲಿನ ಹಾಗೇ ಸ್ಕ್ರೂ ಬಿಗಿದರೆ ಏನೂ ಪ್ರಯೋಜನವಿಲ್ಲ. ಮರದ ಬಟನ್ ಮಾಡಿಕೊ, ಹಲಗೆಯನ್ನು ಪಟ್ಟಿಗೆ ಹಿಡಿದಿಟ್ಟರೂ ಸರಿಯಲು ಬಿಡುವ ಸಣ್ಣ ತುಂಡು ಅದು. 19 ಮಿ.ಮೀ. ದಪ್ಪದ ತುಂಡು, ಅದರ ಒಂದು ತುದಿಯಲ್ಲಿ ಮೇಲಿನಿಂದ 11.5 ಮಿ.ಮೀ. ಕಡಿದರೆ 7.5 ದಪ್ಪದ, 10 ಉದ್ದದ ನಾಲಿಗೆ ಉಳಿಯುತ್ತದೆ. ನಾರು ನಾಲಿಗೆಯ ಉದ್ದಕ್ಕೇ ಓಡಬೇಕು, ಅಡ್ಡ ಬಂದರೆ ಸ್ಕ್ರೂ ಬಿಗಿಯುವಾಗಲೇ ಪಟ್ಟನೆ ಮುರಿಯುತ್ತದೆ. ಅಡ್ಡಪಟ್ಟಿಯ ಒಳಮುಖದಲ್ಲಿ, ಮೇಲಂಚಿನಿಂದ 12 ಮಿ.ಮೀ. ಕೆಳಗೆ, 8 ಅಗಲ 12 ಆಳದ ತೋಡು, ನಾಲಿಗೆ ಕೂರುವುದು ಅದರಲ್ಲಿ. 12ಕ್ಕೂ 11.5ಕ್ಕೂ ಇರುವ ಆ ಅರ್ಧ ಮಿ.ಮೀ. ವ್ಯತ್ಯಾಸವೇ ಹಲಗೆಯನ್ನು ಕೆಳಕ್ಕೆ ಎಳೆದು ಹಿಡಿಯುವುದು, ಅದನ್ನು ಬಿಡಬೇಡ. ಬಟನನ್ನು ಕೆಳಗಿನಿಂದ ಹಲಗೆಗೆ ಬಿಗಿಯುವ ಸ್ಕ್ರೂ 30 ಮಿ.ಮೀ. ಇರಲಿ, ಹಲಗೆಯೊಳಗೆ 11 ಹೋಗುತ್ತದೆ, ಮೇಲೆ 9 ಉಳಿಯುತ್ತದೆ. ತೂತು ಕೊರೆಯುವ ಬಿಟ್ಟಿಗೆ ಟೇಪು ಸುತ್ತಿ ಆಳ ಗುರುತು ಮಾಡಿಕೊ.

ಉದ್ದದ ಪಟ್ಟಿಗಳ ಹತ್ತಿರ ಈಗ, ಮರ ಒಣಗಿರುವಾಗ, ಬಟನಿನ ಹೆಗಲಿಗೂ (ನಾಲಿಗೆ ಶುರುವಾಗುವ ಕಡಿತ) ಪಟ್ಟಿಗೂ ನಡುವೆ 3 ಮಿ.ಮೀ. ಸಂದು ಬಿಡು. ಹಲಗೆ ಉಬ್ಬಿದಾಗ ನಾಲಿಗೆ ಒಳಗೆ ಸರಿಯಲು ಜಾಗ ಬೇಕಲ್ಲ. ತೇವದ ತಿಂಗಳಲ್ಲಿ ಮಾಡಿದರೆ ಸಂದು ಬೇಡ, ಆಗ ನಾಲಿಗೆ ಹೊರಕ್ಕೆ ಸರಿಯುತ್ತದೆ. ಗಿಡ್ಡ ಪಟ್ಟಿಗಳಲ್ಲಿ ಬಟನು ತೋಡಿನ ಉದ್ದಕ್ಕೇ ಜಾರುತ್ತದೆ, ತೋಡು ಅಷ್ಟು ಉದ್ದ ಇದ್ದರಾಯಿತು. ಅವೆರಡರ ನಟ್ಟನಡುವೆ ಮಾತ್ರ ಒಂದೊಂದು ಸ್ಕ್ರೂ ನೇರವಾಗಿ ಬಿಗಿ, ಹಲಗೆ ನಡುವಿನಲ್ಲಿ ನಿಂತು ಎರಡೂ ಕಡೆಗೆ ಸಮನಾಗಿ ಆಡಲಿ. ರೀಪರ್ ಬೇಕೇಬೇಕು ಅನ್ನುವುದಾದರೆ ಅಂಟಿಲ್ಲದೆ: ನಡುವೆ ದುಂಡು ತೂತು, ಬದಿಗಳಲ್ಲಿ 10 ಮಿ.ಮೀ. ಉದ್ದದ ಸೀಳುತೂತು, ವಾಷರ್ ಹಾಕಿದ ಸ್ಕ್ರೂ.

ಪಾಲಿಶು ಮೇಲೆ ಎಷ್ಟು ಕೋಟೋ ಕೆಳಗೂ ಅಷ್ಟೇ ಕೋಟು. ಯಾರೂ ಬಗ್ಗಿ ನೋಡುವುದಿಲ್ಲ ಅಂತ ಕೆಳಮುಖ ಬರಿದಾಗಿ ಬಿಟ್ಟರೆ ಒಂದು ಮುಖ ಬೇಗ, ಒಂದು ಮುಖ ನಿಧಾನ ತೇವ ಬಿಟ್ಟು ಹಲಗೆ ದೋಣಿಯಂತೆ ಬಾಗುತ್ತದೆ. ಪ್ಲೈವುಡ್ಡಿಗೆ ಈ ತಾಪತ್ರಯ ಬಹಳ ಕಡಿಮೆ, ನಿಜ. ಆದರೂ ಗಟ್ಟಿ ಮರದ ಮೇಲೆ ಕೈ ಆಡಿಸಿದವರಿಗೆ ಅದು ಸಮಾಧಾನ ಕೊಡುವುದಿಲ್ಲ.

ಫೋಟೊ ಮತ್ತೆ ತೆಗೆದು ನೋಡಿದೆ. ಮೇಜಿನ ಕೆಳಗೆ ಡ್ರಾಯರ್ ಕಾಣುತ್ತಿದೆ. ತಳಕ್ಕೂ ಗಟ್ಟಿ ತೇಗದ ಹಲಗೆಯನ್ನೇ ಹಾಕಿದ್ದಾನೆ, ಮತ್ತೆ ನಾಲ್ಕೂ ಬದಿಗೆ ಅಂಟು ಮೆತ್ತಿರುವ ಹಾಗಿದೆ. ಮುಂದಿನ ಅಂಚಿಗೆ ಮಾತ್ರ ಅಂಟು ಹಾಕಿ, ಹಿಂದೆ ಸೀಳುತೂತಿನಲ್ಲಿ ಒಂದು ಸ್ಕ್ರೂ ಇಡಬೇಕಿತ್ತು. ನಾರಿನ ದಿಕ್ಕಾದರೂ ಎಡದಿಂದ ಬಲಕ್ಕೆ ಇದೆಯೋ, ಮುಂದಿನಿಂದ ಹಿಂದಕ್ಕೋ, ಈ ಫೋಟೊದಲ್ಲಿ ಗೊತ್ತಾಗುತ್ತಿಲ್ಲ.