ರೀಡ್, ರೆಡ್, ರೆಡ್

ನಮ್ಮ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಗೆ. ಏಳಕ್ಕೆ ಬರುವಷ್ಟರಲ್ಲಿ ಮೇಷ್ಟ್ರು ಕ್ರಿಯಾಪದಗಳ ಮೂರೂ ರೂಪಗಳನ್ನು ಮಗ್ಗಿಯಂತೆ ಹೇಳಿಸತೊಡಗಿದ್ದರು. ಗೋ ವೆಂಟ್ ಗಾನ್, ಈಟ್ ಏಟ್ ಈಟನ್. ಊಟದ ಬಳಿಕದ ಪೀರಿಯಡ್ಡು. ಅರ್ಧ ತರಗತಿ ತೂಕಡಿಸುತ್ತಲೇ ರಾಗ ಎಳೆಯುತ್ತಿತ್ತು. ಕಟ್ ಕಟ್ ಕಟ್, ಪುಟ್ ಪುಟ್ ಪುಟ್ ಬಂದಾಗ ಮಾತ್ರ ಸೂರು ಹಾರುವಂತೆ ಕೂಗುತ್ತಿದ್ದೆವು. ಒಂದು ಕಲಿತರೆ ಎರಡು ಪುಕ್ಕಟೆ!

ರೀಡ್ ರೆಡ್ ರೆಡ್ ಎಂಬುದನ್ನೂ ಹೀಗೆ ಕಿವಿಯಿಂದಲೇ ಕಲಿತೆ. ಕಿರುಪರೀಕ್ಷೆಯಲ್ಲಿ ‘ನಿನ್ನೆ ನಾನು ಪುಸ್ತಕ ಓದಿದೆ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಫೀಡ್‌ಗೆ ಫೆಡ್, ಲೀಡ್‌ಗೆ ಲೆಡ್ ಬರೆಯುವುದು ಗೊತ್ತಿತ್ತು. ಅದೇ ಲೆಕ್ಕದಲ್ಲಿ ಧೈರ್ಯವಾಗಿ ಆರ್, ಇ, ಡಿ ಎಂದು ಬರೆದೆ. ಉತ್ತರಪತ್ರಿಕೆ ಮರಳಿ ಬಂದಾಗ ಆ ಮೂರು ಅಕ್ಷರಗಳ ಸುತ್ತ ಕೆಂಪು ಶಾಯಿಯ ದೊಡ್ಡ ಸೊನ್ನೆ. ಪಕ್ಕದವನು ಇಣುಕಿ, “ನಿನ್ನೆ ನಾನು ಪುಸ್ತಕ ಕೆಂಪು” ಎಂದು ಓದಿ ಬೆಂಚು ಬಡಿದು ನಕ್ಕ.

“ಬರೆಯುವುದು ರೀಡ್‌ನ ಹಾಗೆಯೇ ಕಣೋ, ಓದುವಾಗ ಮಾತ್ರ ರೆಡ್” ಎಂದರು ಮೇಷ್ಟ್ರು.

“ಹಾಗಾದರೆ ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಸಾರ್?”

“ಯೆಸ್ಟರ್‌ಡೇ ಇದೆಯಲ್ಲ, ಅದನ್ನು ನೋಡು.”

“ಅದು ಇಲ್ಲದಿದ್ದರೆ?”

ಅವರು ಕೈಗೆ ಮೆತ್ತಿದ್ದ ಸೀಮೆಸುಣ್ಣವನ್ನು ನಿಧಾನವಾಗಿ ಒದರಿಕೊಂಡರು. “ಕುಳಿತುಕೋ.”

ನನಗೆ ಅವಮಾನಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಕನ್ನಡವೇನೂ ಸಾಚಾ ಅಲ್ಲ. ಕೊಡು ಕೊಟ್ಟ ಆಗುತ್ತದೆ, ಸಾಯು ಸತ್ತ ಆಗುತ್ತದೆ. ಆದರೆ ಆದದ್ದನ್ನು ಕಾಗದದ ಮೇಲೆ ಒಪ್ಪಿಕೊಳ್ಳುತ್ತದೆ. ಗುಡಿಸಿನ ದೀರ್ಘ ಕೊಟ್ಟರೆ ರೀ, ಎತ್ವ ಕೊಟ್ಟರೆ ರೆ. ಅಲ್ಲಿಗೆ ಮುಗಿಯಿತು.

ಕಾರಣ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಭೂತಕಾಲಕ್ಕೆ ಕೊನೆಯಲ್ಲಿ ಒತ್ತಿನ ಡ್ಡ ಇತ್ತು. ಆ ಜೋಡಿ ವ್ಯಂಜನದ ಹಿಂದಿನ ದೀರ್ಘ ಸ್ವರ ಕಾಲಕ್ರಮದಲ್ಲಿ ಹ್ರಸ್ವವಾಯಿತು. ಲೆಡ್ ತನ್ನ ಕಾಗುಣಿತವನ್ನೂ ತಿದ್ದಿಕೊಂಡಿತು, ರೆಡ್ ತಿದ್ದಿಕೊಳ್ಳಲಿಲ್ಲ. ಅಂದರೆ ನಾನು ಮಾಡಿದ್ದು ತಪ್ಪಾದರೂ ದಾರಿ ಸರಿಯಾಗಿತ್ತು. ಕಳೆದುಕೊಂಡ ಒಂದು ಅಂಕವನ್ನು ಈಗ ಯಾರ ಬಳಿ ಕೇಳಲಿ?

ಕರ್ತೃ ‘ಅವನು’ ಅಥವಾ ‘ಅವಳು’ ಆಗಿದ್ದರೆ ಬದುಕಿದೆವು: ಕ್ರಿಯಾಪದದ ಬಾಲಕ್ಕೆ ಎಸ್ ಇಲ್ಲದಿದ್ದರೆ ಅದು ನಿನ್ನೆಯ ಮಾತು. ‘ನಾನು’, ‘ಅವರು’ ಬಂದಲ್ಲಿ ಆ ಸುಳಿವೂ ಇಲ್ಲ. ವಾಕ್ಯದ ಹಿಂದುಮುಂದು ನೋಡಿಯೇ ಬಾಯಿ ತೆರೆಯಬೇಕು. ಕಚೇರಿಯ ಸಭೆಯಲ್ಲಿ ಇಂಗ್ಲಿಷ್ ಟಿಪ್ಪಣಿಯನ್ನು ಗಟ್ಟಿಯಾಗಿ ಓದುವ ಸರದಿ ನನ್ನದಾದರೆ, ಹಿಂದಿನ ಸಂಜೆಯೇ ಹಾಳೆ ತರಿಸಿಕೊಂಡು ಆ ಪದವನ್ನು ಹುಡುಕುತ್ತೇನೆ. ಸಿಕ್ಕಿದಲ್ಲೆಲ್ಲ ಅದರ ನೆತ್ತಿಯ ಮೇಲೆ, ಬೇರೆಯವರಿಗೆ ಕಾಣದಷ್ಟು ಸಣ್ಣದಾಗಿ, ಪೆನ್ಸಿಲ್ಲಿನಲ್ಲಿ ಒಂದು ‘ರೆ’ ಬರೆದುಕೊಳ್ಳುತ್ತೇನೆ.