ಪ್ರಬಲ ಆಮ್ಲ, ದುರ್ಬಲ ಆಮ್ಲ ಮತ್ತು ಮಂಕಾಗುವ ಬಲ್ಬು

ಆಮ್ಲದ ಪ್ರಬಲತೆಯೇ (ಅದು ನೀರಿನಲ್ಲಿ ಎಷ್ಟರ ಮಟ್ಟಿಗೆ ಅಯಾನುಗಳಾಗಿ, ಅಂದರೆ ವಿದ್ಯುದಾವೇಶವುಳ್ಳ ಕಣಗಳಾಗಿ, ವಿಭಜನೆಗೊಳ್ಳುತ್ತದೆ ಎಂಬುದು) ಬೇರೆ, ದ್ರಾವಣದ ಸಾರತೆಯೇ (ಒಂದು ಲೀಟರಿನಲ್ಲಿ ಎಷ್ಟು ಆಮ್ಲವಿದೆ ಎಂಬುದು) ಬೇರೆ ಎಂಬುದನ್ನು ಪಿಯುಸಿ ವಿದ್ಯಾರ್ಥಿಗಳಿಗೆ ಕಪ್ಪುಹಲಗೆಯ ಮೇಲೆ ಮನಗಾಣಿಸುವುದು ಸುಲಭವಲ್ಲ. ಈ ಒಂದು ಪಾಠಕ್ಕಾಗಿಯಾದರೂ ನಾನು ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡಬಹುದಾದ ‘ಫೆಟ್’ ಸಿಮ್ಯುಲೇಷನ್‌ಗಳನ್ನು ಶಿಫಾರಸು ಮಾಡುತ್ತೇನೆ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಕಾರ್ಲ್ ವೈಮನ್ 2002ರಲ್ಲಿ ಆರಂಭಿಸಿದ ಈ ಯೋಜನೆಯ ಸಿಮ್ಯುಲೇಷನ್‌ಗಳು ಉಚಿತವಾಗಿ ದೊರೆಯುತ್ತವೆ.

ಆಮ್ಲ–ಪ್ರತ್ಯಾಮ್ಲ ದ್ರಾವಣಗಳ ಸಿಮ್ಯುಲೇಷನ್ನಿನಲ್ಲಿ ಸಾರತೆಯನ್ನು ಲೀಟರಿಗೆ 0.01 ಮೋಲ್‌ನಲ್ಲಿಯೇ ಇರಿಸಿ, ಪ್ರಬಲ ಆಮ್ಲದ ಬದಲು ದುರ್ಬಲ ಆಮ್ಲವನ್ನು ಆರಿಸಿದರೆ, ಭೂತಗನ್ನಡಿಯೊಳಗೆ ಕಿಕ್ಕಿರಿದಿದ್ದ ಅಯಾನುಗಳು ಬಹುಪಾಲು ಮರೆಯಾಗಿ, ವಿಭಜನೆಗೊಳ್ಳದೆ ಉಳಿದ ಆಮ್ಲದ ಅಣುಗಳೇ ಎಲ್ಲೆಲ್ಲೂ ಕಾಣಿಸುತ್ತವೆ. ವಿದ್ಯುದಗ್ರಗಳನ್ನು ಅದ್ದಿದಾಗ, ವಿದ್ಯುತ್ತನ್ನು ಒಯ್ಯುವ ಅಯಾನುಗಳು ಕಡಿಮೆಯಾದ್ದರಿಂದ, ಮೊದಲು ಪ್ರಖರವಾಗಿ ಉರಿದಿದ್ದ ಬಲ್ಬು ಈಗ ಮಂಕಾಗುತ್ತದೆ. ಲೀಟರಿಗೆ 0.1 ಮೋಲ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು) 1 ಆಗಿರುವಾಗ, ಅಷ್ಟೇ ಸಾರತೆಯ ಅಸಿಟಿಕ್ ಆಮ್ಲದ್ದು ಸುಮಾರು 2.9 ಏಕೆ ಎಂಬ ಪ್ರಶ್ನೆಗೆ ಆಗ ಸೂತ್ರವಿಲ್ಲದೆಯೇ ಉತ್ತರ ಹೊಳೆಯುತ್ತದೆ.

ಸಮೀಕರಣ ಸರಿದೂಗಿಸುವ ಸಿಮ್ಯುಲೇಷನ್ನಿನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಪರಮಾಣುಗಳನ್ನು ಎಣಿಸದೆ, ಸರಿ ಬರುವವರೆಗೂ ಗುಣಾಂಕಗಳನ್ನು ಏರಿಸಿ ಇಳಿಸಲು ಅಲ್ಲಿ ಅವಕಾಶವಿದೆ. ಹಾಗಾಗಿ ಗುಂಡಿ ಒತ್ತುವ ಮುನ್ನ ಏನಾಗಬಹುದೆಂದು ನೋಟ್‌ಬುಕ್ಕಿನಲ್ಲಿ ಬರೆಸುವುದು ಒಳ್ಳೆಯದು. ಬ್ಯೂರೆಟ್ ಹಿಡಿದು ಹನಿಹನಿಯಾಗಿ ಬಿಡುವ ಕೈಹದವಂತೂ ಪರದೆಯಿಂದ ಬರುವಂಥದ್ದಲ್ಲ. ಇನ್ನು, ಹೊಸ ಆವೃತ್ತಿಗಳು ಮೊಬೈಲ್ ಬ್ರೌಸರ್‌ನಲ್ಲಿಯೇ ತೆರೆದುಕೊಳ್ಳುತ್ತವೆ. ಕಂಪ್ಯೂಟರಿಗೆ ಮೊದಲೇ ಇಳಿಸಿಕೊಂಡಿದ್ದರೆ ತರಗತಿಯಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ.