ಕಿತ್ತಳೆ ಹಿಡಿದ ಕೈ

ಮಧ್ಯಾಹ್ನ ಎರಡರ ಹೊತ್ತಿಗೆ ಮಾಮಾ ಫೋನು ಹಿಡಿದುಕೊಂಡೇ ಅಡುಗೆಮನೆಗೆ ಬಂದರು. "ಟ್ಯಾಕ್ಸಿ ನಿಂತುಹೋಗಿವೆ ಸಿಸಿ. ಸ್ಟ್ರೈಕು." ಅಲ್ಲಿ ಟ್ಯಾಕ್ಸಿ ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್‌ನಂಥದ್ದು, ಹದಿನೈದು ಜನರನ್ನು ತುಂಬಿಕೊಂಡು ಓಡುವ ವ್ಯಾನು. ಅದು ನಿಂತರೆ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನಲ್ಲಿ ದುಡಿಯಲು ಬಂದ ಜನ ಮನೆ ಸೇರುವ ಹಾಗಿಲ್ಲ.

ನಾವು ಅಲ್ಲಿದ್ದ ಮೂರು ವರ್ಷವೂ ವಾರಕ್ಕೆರಡು ದಿನ ಮಾಮಾ ಮನೆಗೆಲಸಕ್ಕೆ ಬರುತ್ತಿದ್ದರು. ಅಲ್ಲಿನವರಿಗೆ ಸಿಸಿ ಅಂದರೆ ಸೋದರಿ, ಮಾಮಾ ಅಂದರೆ ತಾಯಿಯ ಸಮಾನಳಾದ ಹೆಂಗಸು. ಸೋದರಮಾವನನ್ನು ಕರೆದು ರೂಢಿಯಾದ ನನ್ನ ಬಾಯಿಗೆ ಆ ಪದ ಹೊಂದಿಕೊಳ್ಳಲು ಕೆಲವು ತಿಂಗಳು ಬೇಕಾಯಿತು. ನಮ್ಮ ಬಾಡಿಗೆ ಮನೆ ಊರಿನ ಉತ್ತರಕ್ಕೆ, ರಾಂಡ್‌ಬರ್ಗಿನಲ್ಲಿ. ಅವರದು ದಕ್ಷಿಣದ ಕೊನೆ, ಆರೆಂಜ್ ಫಾರ್ಮ್. ಕಾರಿನಲ್ಲಿ ಬಿಟ್ಟುಬರುತ್ತೇನೆ ಅಂದೆ. "ದೂರ ಇದೆ" ಅಂದರು. ಎಷ್ಟು ದೂರ ಎಂದು ಅಲ್ಲಿಯವರೆಗೆ ನಾನು ಕೇಳಿಯೇ ಇರಲಿಲ್ಲ.

ಎನ್1 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದಂತೆ ಚಿನ್ನದ ಗಣಿಯಿಂದ ತೆಗೆದು ಸುರಿದ ಮಣ್ಣಿನ ಹಳದಿ ದಿಬ್ಬಗಳು ಕಾಣಿಸಿದವು. ಕೆಜಿಎಫ್‌ನ ಸಯನೈಡ್ ಗುಡ್ಡ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಅದನ್ನು ದಾಟಿದರೆ ಸೊವೆಟೊ, ಕರಿಯರಿಗೆ. ಆಮೇಲೆ ಎಲ್ಡೊರಾಡೊ ಪಾರ್ಕ್, 'ಕಲರ್ಡ್' ಎಂದು ಸರ್ಕಾರ ಹಣೆಪಟ್ಟಿ ಹಚ್ಚಿದ ಮಿಶ್ರ ಮೂಲದವರಿಗೆ. ಇನ್ನೂ ಮುಂದೆ ಲೆನೇಸಿಯಾ, ಭಾರತೀಯರಿಗೆ. 1950ರಲ್ಲಿ ಬಿಳಿಯರ ಸರ್ಕಾರ ತಂದ ಗ್ರೂಪ್ ಏರಿಯಾಸ್ ಕಾಯ್ದೆ ಯಾರ ಮೈಬಣ್ಣಕ್ಕೆ ಯಾವ ನೆಲ ಎಂದು ಹೀಗೆ ಗೆರೆ ಎಳೆದಿತ್ತು. ಊರೊಳಗೆ ಅಂಗಡಿ ಇಟ್ಟುಕೊಂಡು ತಲೆಮಾರುಗಳಿಂದ ಬದುಕಿದ್ದ ಭಾರತೀಯರನ್ನು ಫೀಟಾಸ್‌ನಂಥ ಕೇರಿಗಳಿಂದ ಎಬ್ಬಿಸಿ ಲೆನೇಸಿಯಾಕ್ಕೆ ಕಳಿಸಿದ್ದು ಇದೇ ಕಾಯ್ದೆ. ಒಂದು ಬಡಾವಣೆಗೂ ಇನ್ನೊಂದಕ್ಕೂ ನಡುವೆ ರೈಲು ಹಳಿ, ಹೆದ್ದಾರಿ ಅಥವಾ ಬಯಲು. ಜನ ಬೆರೆಯಬಾರದೆಂದೇ ನಕ್ಷೆ ಹಾಕುವಾಗ ಬಿಟ್ಟ ಜಾಗ ಅದು. ಕಾಯ್ದೆ 1991ರಲ್ಲಿ ರದ್ದಾಯಿತು. ನಾನು ನೋಡುವಾಗಲೂ ಎಷ್ಟೋ ಕಡೆ ಆ ಬಯಲಿನಲ್ಲಿ ಆಳೆತ್ತರ ಹುಲ್ಲು ಬೆಳೆದಿತ್ತು.

ಕಾರಿನಲ್ಲಿ ಕೂತಾಗಲೇ ಮಾಮಾ ಹಿತ್ತಿಲ ಕೋಣೆಯ ವಿಷಯ ತೆಗೆದದ್ದು. ನಮ್ಮ ಮನೆಯ ಹಿಂದೆ, ಗ್ಯಾರೇಜಿಗೆ ಅಂಟಿಕೊಂಡಂತೆ, ಕೆಲಸದವಳಿಗೆಂದೇ ಹಿಂದೆ ಕಟ್ಟಿಸಿದ ಒಂದು ಕೋಣೆಯಿತ್ತು. ಸಿಮೆಂಟು ನೆಲ, ಕೈಗೆ ಎಟುಕದಷ್ಟು ಮೇಲೆ ಒಂದು ಸಣ್ಣ ಕಿಟಕಿ. ಮಾಮಾ ಅದರೊಳಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ. ಪೊರಕೆ, ಬಕೆಟ್ಟುಗಳನ್ನು ಬಾಗಿಲಲ್ಲೇ ನಿಂತು ಒಳಗೆ ತಳ್ಳುತ್ತಿದ್ದರು. ಪ್ರಾಯದಲ್ಲಿ ಅಂಥದ್ದೇ ಕೋಣೆಯಲ್ಲಿ ಒಂಬತ್ತು ವರ್ಷ ಇದ್ದರಂತೆ. ಮಗು ಲಿಂಪೊಪೊದ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ. ಗಂಡ ಒಂದು ರಾತ್ರಿ ಬಂದು ಉಳಿದರೂ ಪೊಲೀಸರ ಭಯ. ಬಿಳಿಯರ ಬಡಾವಣೆಯಲ್ಲಿರಬೇಕಾದರೆ ಪಾಸ್ ಪುಸ್ತಕ, ಅಂದರೆ ಕರಿಯರು ಅಲ್ಲಿರಲು ಬೇಕಾದ ಅನುಮತಿಪತ್ರ, ಸದಾ ಮೈಮೇಲಿರಬೇಕು. ದೊಂಪಾಸ್, ದಡ್ಡ ಪಾಸ್, ಎಂದು ಜನ ಬೈದುಕೊಂಡೇ ಹೊತ್ತು ತಿರುಗುತ್ತಿದ್ದ ಆ ಪುಸ್ತಕ 1986ರವರೆಗೂ ಇತ್ತು. "ಮನೆಯವರು ಕೆಟ್ಟವರಲ್ಲ" ಅಂದರು. "ನನ್ನ ತಟ್ಟೆ, ಮಗ್ಗು ಮಾತ್ರ ಸಿಂಕಿನ ಕೆಳಗೆ ಇಡುತ್ತಿದ್ದರು. ತಗಡಿನವು."

ನಾನು ಸ್ಟೀರಿಂಗ್ ಹಿಡಿದು ಸುಮ್ಮನಿದ್ದೆ. ಅರಸೀಕೆರೆ ಹತ್ತಿರ ನಮ್ಮಜ್ಜಿ ಮನೆಯ ಹಿತ್ತಿಲ ಗೋಡೆಯ ಮೇಲೆ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ತೋಟದ ಕೆಲಸಕ್ಕೆ ಬರುತ್ತಿದ್ದ ಮುದುಕನಿಗೆ ಅಜ್ಜಿ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದದ್ದು ಅದಕ್ಕೆ. ಆತ ಕುಡಿದು, ತಾನೇ ತೊಳೆದು, ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದ. ನಮ್ಮಜ್ಜಿಯೂ ಕೆಟ್ಟವಳಲ್ಲ. ಮಾಮಾಗೆ ಇದನ್ನು ಹೇಳಬೇಕೆನ್ನಿಸಿತು. ಗಂಟಲಿನಿಂದ ಮಾತು ಹೊರಡಲಿಲ್ಲ.

ಆರೆಂಜ್ ಫಾರ್ಮಿನ ರಸ್ತೆಗೆ ತಿರುಗಿದಾಗ ಓಡೋಮೀಟರು 50 ಕಿಲೋಮೀಟರ್ ದಾಟಿತ್ತು. ಅವರದು ಆರ್‌ಡಿಪಿ ಮನೆ. 1994ರಲ್ಲಿ ಕರಿಯರೂ ಮತ ಹಾಕಿದ ನಂತರ ಬಂದ ಸರ್ಕಾರ ಇಂಥ ಲಕ್ಷಾಂತರ ಮನೆಗಳನ್ನು ಬಡವರಿಗೆ ಕಟ್ಟಿಸಿಕೊಟ್ಟಿತು. ಆ ಕೆಲಸ ಸಣ್ಣದಲ್ಲ. ಆದರೆ ಬಜೆಟ್ಟಿಗೆ ಹೊಂದುವ ಅಗ್ಗದ ಜಮೀನು ಸಿಕ್ಕಿದ್ದು ಹೆಚ್ಚಾಗಿ ಊರಾಚೆ, ಹಳೆಯ ಸರ್ಕಾರ ಕರಿಯರನ್ನು ಅಟ್ಟಿದ್ದ ದಿಕ್ಕಿಗೇ. ಹಾಗಾಗಿ ಮತ ಹಾಕಿ ಗೆದ್ದವರ ಮನೆಗಳೂ ಅದೇ ನಕ್ಷೆಯ ಮೇಲೆ ಎದ್ದವು. ನನಗೆ ಸಿಟ್ಟು ಬಂತು. ಮಾಮಾಗೆ ಹೆಮ್ಮೆ. ಕಬ್ಬಿಣದ ಪೆಟ್ಟಿಗೆಯಿಂದ ಹಕ್ಕುಪತ್ರ ತೆಗೆದು, ಅದರಲ್ಲಿದ್ದ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಕೆಂಪು ಚಹಾ ಮಾಡಿದರು, ಹೂವಿನ ಚಿತ್ರದ ಪಿಂಗಾಣಿ ಕಪ್ಪಿನಲ್ಲಿ ಕೊಟ್ಟರು.

ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ ಅಂತ ಕೇಳಿದೆ. ಮೂರೂವರೆಗೆ. ಒಂದು ಟ್ಯಾಕ್ಸಿಯಲ್ಲಿ ಪೇಟೆಗೆ, ಅಲ್ಲಿಂದ ಇನ್ನೊಂದು ನಮ್ಮ ಕಡೆಗೆ. ಕೂಲಿಯ ಮೂರರಲ್ಲೊಂದು ಪಾಲು ಅದಕ್ಕೇ. ಟ್ಯಾಕ್ಸಿಗಳ ಮೇಲೆ ಬೋರ್ಡು ಇರುವುದಿಲ್ಲ. ಯಾವ ಕಡೆ ಹೋಗಬೇಕೋ ಅದಕ್ಕೆ ಕೈಸನ್ನೆ ಮಾಡಿ ನಿಲ್ಲಿಸಬೇಕು. ಪೇಟೆಗಾದರೆ ತೋರುಬೆರಳು ಮೇಲಕ್ಕೆ. "ಇಲ್ಲಿಗೆ?" ಅಂದೆ. ಮಾಮಾ ಕೈ ಮುಂದೆ ಚಾಚಿ ಬೆರಳುಗಳನ್ನು ದುಂಡಗೆ ಮಡಿಸಿದರು, ಅಂಗೈಯಲ್ಲಿ ಕಿತ್ತಳೆ ಹಣ್ಣು ಹಿಡಿದ ಹಾಗೆ.

"ಇನ್ನು ಮೇಲೆ ಹತ್ತು ಗಂಟೆಗೆ ಬನ್ನಿ ಮಾಮಾ, ಅವಸರವೇನಿಲ್ಲ."

ಅವರು ಅಡ್ಡಡ್ಡ ತಲೆಯಾಡಿಸಿದರು. "ಹತ್ತಕ್ಕೆ ಬಂದರೆ ಕೆಲಸ ಮುಗಿಯುವುದು ಯಾವಾಗ ಸಿಸಿ? ವಾಪಸು ಬರುವಾಗ ಕತ್ತಲು. ಟ್ಯಾಕ್ಸಿ ಇಳಿದು ಇಲ್ಲಿಯವರೆಗೆ ಒಬ್ಬಳೇ ನಡೆಯಬೇಕು."

ಸ್ಟ್ರೈಕು ಮುಗಿದ ಮೇಲೆ ಅವರು ಮೊದಲಿನಂತೆ ಏಳಕ್ಕೇ ಬಂದರು.